ದಿನಾಂಕ ಗೊತ್ತಿದ್ದೂ ಗಡುವು ತಪ್ಪುವುದೇಕೆ? ವಯಸ್ಕರ ಎಡಿಎಚ್‌ಡಿಯ ಒಳಲೆಕ್ಕ

ಉದ್ಯೋಗಸ್ಥೆಯೊಬ್ಬರು ತಿಂಗಳ ಒಂದನೇ ತಾರೀಖಿಗೆ ಒಂದು ವರದಿ ಬರೆದುಕೊಡಲು ಒಪ್ಪಿಕೊಂಡರೆಂದು ಇಟ್ಟುಕೊಳ್ಳೋಣ. ಹನ್ನೆರಡನೇ ತಾರೀಖಿನ ಮಧ್ಯರಾತ್ರಿಯೊಳಗೆ ಅದನ್ನು ಸಲ್ಲಿಸಬೇಕು. ಒಪ್ಪಿಕೊಂಡ ದಿನವೇ ಅವರು ಕಂಪ್ಯೂಟರಿನಲ್ಲಿ ಹೊಸ ಫೈಲ್ ತೆರೆದು, ಶೀರ್ಷಿಕೆ ಟೈಪಿಸಿ, ಅಕ್ಷರದ ಗಾತ್ರ ಸರಿಮಾಡಿ, ಫೈಲಿಗೆ ‘ವರದಿ ಅಂತಿಮ’ ಎಂದು ಹೆಸರನ್ನೂ ಇಟ್ಟು ಮುಚ್ಚಿದರು. ಆಮೇಲಿನ ಒಂಬತ್ತು ದಿನ ಆ ಫೈಲನ್ನು ಒಮ್ಮೆಯೂ ತೆರೆಯಲಿಲ್ಲ. ಹಾಗೆಂದು ಅದು ಮರೆತೇನೂ ಹೋಗಿರಲಿಲ್ಲ. ಸ್ನಾನ ಮಾಡುವಾಗ, ಊಟಕ್ಕೆ ಕೂತಾಗ, ಬೇರೊಬ್ಬರೊಂದಿಗೆ ಮಾತನಾಡುತ್ತಿರುವಾಗ ಅದು ಎದೆಯಲ್ಲಿ ಸಣ್ಣಗೆ ಚುಚ್ಚುತ್ತಲೇ ಇತ್ತು. ಹನ್ನೊಂದರ ರಾತ್ರಿ ಇದ್ದಕ್ಕಿದ್ದಂತೆ ಎಲ್ಲವೂ ನಿಚ್ಚಳವಾಯಿತು. ನಿದ್ದೆ ಬಿಟ್ಟು, ಮರುದಿನವೂ ಕೂತಲ್ಲಿಂದ ಏಳದೆ ಬರೆದು, ಹನ್ನೆರಡರ ರಾತ್ರಿ 11:40ಕ್ಕೆ ಮುಗಿಸಿದರು. ಸಲ್ಲಿಸಬೇಕಾದ ಜಾಲತಾಣ ಪಾಸ್‌ವರ್ಡ್ ಕೇಳಿತು. ನೆನಪಿರಲಿಲ್ಲ. ಹೊಸ ಪಾಸ್‌ವರ್ಡಿಗೆ ಒಟಿಪಿ ಬರಬೇಕಿತ್ತು, ಫೋನಿನ ಚಾರ್ಜ್ ಮುಗಿದಿತ್ತು. ಅದೂ ಆದ ಮೇಲೆ ಫೈಲಿನ ಗಾತ್ರ ಮಿತಿ ಮೀರಿದೆ ಎಂಬ ಸೂಚನೆ ಬಂತು. ವರದಿ ಸಲ್ಲಿಕೆಯಾದದ್ದು 12:09ಕ್ಕೆ. ಮರುದಿನ ಅವರು ಕೇಳಿಸಿಕೊಂಡ ಪ್ರಶ್ನೆ: ‘ಡೇಟ್ ನಿಮಗೆ ಗೊತ್ತೇ ಇತ್ತಲ್ಲ ಮೇಡಂ?’

ಗೊತ್ತಿತ್ತು. ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಇರುವ ವಯಸ್ಕರ ಗಡುವಿನ ಸಮಸ್ಯೆಯನ್ನು ಅರ್ಥಮಾಡಿಕೊಳ್ಳಲು ಹೊರಡಬೇಕಾದದ್ದು ಈ ‘ಗೊತ್ತಿತ್ತು’ ಎಂಬಲ್ಲಿಂದಲೇ. ದಿನಾಂಕದ ಅರಿವಿಲ್ಲದೆ ತಪ್ಪಿದ ಗಡುವಿಗೆ ಡೈರಿ ಮದ್ದಾದೀತು. ಅರಿವಿದ್ದೂ ತಪ್ಪುವ ಗಡುವಿಗೆ ಡೈರಿಯೊಂದೇ ಸಾಲದು, ಇನ್ನೂ ಹತ್ತು ದಿನಗಳ ಅವಕಾಶವೂ ಸಾಲದು. ಇಂಥವರಿಗೆ ಗಡುವನ್ನು ಮುಂದಕ್ಕೆ ಹಾಕಿಕೊಡುವುದರಿಂದ ಬಹುತೇಕ ಸಂದರ್ಭಗಳಲ್ಲಿ ಸಂಕಟದ ಅವಧಿ ಹಿಗ್ಗುತ್ತದೆಯೇ ಹೊರತು ಕೆಲಸ ಮುಂಚಿತವಾಗಿ ಶುರುವಾಗುವುದಿಲ್ಲ ಎಂಬುದು, ಮತ್ತು ಅದೇ ಗಡುವನ್ನು ತುಂಡರಿಸಿ, ಹತ್ತಿರಕ್ಕೆ ತಂದು, ಪ್ರತಿ ತುಂಡಿನ ತುದಿಯಲ್ಲಿ ಕಾಯುವ ಒಬ್ಬ ಮನುಷ್ಯನನ್ನು ಇರಿಸಿದರೆ ಫಲ ಬೇರೆಯಾಗುತ್ತದೆ ಎಂಬುದು ಈ ಲೇಖನದ ವಾದ.

ಮೊದಲಿಗೆ, ಇದು ಸೋಮಾರಿತನಕ್ಕೆ ಕೊಟ್ಟ ಹೊಸ ಹೆಸರಲ್ಲವೇ ಎಂಬ ಸಂದೇಹ. ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಐದನೇ ಆವೃತ್ತಿಯಲ್ಲಿ ಗಮನ ಕೊರತೆಯ ಒಂಬತ್ತು ಲಕ್ಷಣಗಳ ಪಟ್ಟಿಯಿದೆ. ಕೆಲಸಗಳನ್ನು ಅಣಿಗೊಳಿಸಿಕೊಳ್ಳಲು ಕಷ್ಟಪಡುವುದು ಅವುಗಳಲ್ಲೊಂದು. ಅದರ ವಿವರಣೆಯಲ್ಲಿ ಸಮಯ ನಿರ್ವಹಣೆ ಸರಿಯಿಲ್ಲದಿರುವುದು, ಗಡುವು ತಪ್ಪಿಸುವುದು ಎಂಬ ಮಾತುಗಳೇ ಉದಾಹರಣೆಯಾಗಿ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ವಯಸ್ಕರಿಗಾಗಿ ರೂಪಿಸಿ 2005ರಲ್ಲಿ ಪ್ರಕಟಿಸಲಾದ, ಆರಂಭಿಕ ತಪಾಸಣೆಗೆ ಬಳಸುವ ಆರು ಪ್ರಶ್ನೆಗಳ ಪಟ್ಟಿ ಇನ್ನೂ ಕುತೂಹಲಕರ. ಅದರ ಮೊದಲ ನಾಲ್ಕು ಪ್ರಶ್ನೆಗಳು ನಮ್ಮ ವಿಷಯವನ್ನೇ ಸುತ್ತುತ್ತವೆ: ಕೆಲಸದ ಸವಾಲಿನ ಭಾಗ ಮುಗಿದ ಮೇಲೆ ಉಳಿದ ಸಣ್ಣಪುಟ್ಟದ್ದನ್ನು ಪೂರೈಸಲು ಎಷ್ಟು ಸಲ ಕಷ್ಟವಾಗುತ್ತದೆ, ವ್ಯವಸ್ಥಿತವಾಗಿ ಮಾಡಬೇಕಾದ ಕೆಲಸವನ್ನು ಕ್ರಮವಾಗಿ ಜೋಡಿಸಿಕೊಳ್ಳಲು ಎಷ್ಟು ಸಲ ತೊಡಕಾಗುತ್ತದೆ, ಭೇಟಿಯ ಸಮಯ ಮತ್ತು ಒಪ್ಪಿಕೊಂಡ ಹೊಣೆ ಎಷ್ಟು ಸಲ ಮರೆತುಹೋಗುತ್ತವೆ, ಹೆಚ್ಚು ಯೋಚನೆ ಬೇಡುವ ಕೆಲಸವನ್ನು ಶುರುಮಾಡದೆ ಎಷ್ಟು ಸಲ ತಳ್ಳುತ್ತೀರಿ. ಉಳಿದ ಎರಡರಲ್ಲಿ ಮಾತ್ರ ಚಡಪಡಿಕೆ, ಅತಿಚಟುವಟಿಕೆಯ ಮಾತು ಬರುತ್ತದೆ. ತರಗತಿಯಲ್ಲಿ ಕೂತಲ್ಲಿ ಕೂರದ ಹುಡುಗ ಎಂಬ ಜನಜನಿತ ಚಿತ್ರ, ಅವನು ದೊಡ್ಡವನಾಗುವಷ್ಟರಲ್ಲಿ, ಕೊನೆಯ ಗಳಿಗೆಯಲ್ಲಿ ಉಸಿರು ಬಿಗಿಹಿಡಿದು ಫೈಲ್ ಕಳಿಸುವ ನೌಕರನ ಚಿತ್ರವಾಗಿ ಬದಲಾಗಿರುತ್ತದೆ.

ಎಲ್ಲರೂ ಕೆಲಸ ಮುಂದೂಡುತ್ತಾರೆ ಎಂಬುದು ನಿಜ. ಆದ್ದರಿಂದಲೇ ನಿರ್ಣಯದ ಅಳತೆಗೋಲು ಸಡಿಲವಾಗಿಲ್ಲ. ಹದಿನೇಳು ತುಂಬಿದವರಲ್ಲಿ ಒಂಬತ್ತರಲ್ಲಿ ಕನಿಷ್ಠ ಐದು ಲಕ್ಷಣಗಳಿರಬೇಕು, ಅವುಗಳಲ್ಲಿ ಹಲವು ಹನ್ನೆರಡು ವರ್ಷದೊಳಗೇ ಕಾಣಿಸಿಕೊಂಡಿರಬೇಕು, ಮನೆ, ಕಚೇರಿ ಎಂದು ಒಂದಕ್ಕಿಂತ ಹೆಚ್ಚು ಕಡೆ ತೋರಬೇಕು, ಬದುಕಿಗೆ ಸ್ಪಷ್ಟ ಅಡ್ಡಿ ಮಾಡುತ್ತಿರಬೇಕು. ಒಂದು ಕಚೇರಿಯಲ್ಲಿ, ಒಬ್ಬ ಮೇಲಧಿಕಾರಿಯ ಕೈಕೆಳಗೆ ಮಾತ್ರ ಗಡುವು ತಪ್ಪುತ್ತಿದ್ದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕು. ನಿದ್ರಾಹೀನತೆ, ಖಿನ್ನತೆ, ಥೈರಾಯ್ಡ್ ತೊಂದರೆಗಳೂ ಇದೇ ವೇಷದಲ್ಲಿ ಬರಬಲ್ಲವು. ವಯಸ್ಕರಲ್ಲಿ ಎಡಿಎಚ್‌ಡಿ ಸುಮಾರು 2.5%ರಷ್ಟು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು. ಹತ್ತು ದೇಶಗಳ ಉದ್ಯೋಗಿಗಳನ್ನು ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ತೊಂದರೆಯಿರುವ ನೌಕರರು ಇತರರಿಗಿಂತ ವರ್ಷಕ್ಕೆ ಸುಮಾರು 22 ದಿನಗಳಷ್ಟು ಕಾರ್ಯನಿರ್ವಹಣೆಯನ್ನು ಹೆಚ್ಚಾಗಿ ಕಳೆದುಕೊಳ್ಳುತ್ತಾರೆಂದು ಲೆಕ್ಕಹಾಕಿತು. ಒಂದು ತಿಂಗಳ ಕೆಲಸದ ದಿನಗಳು ಹೆಚ್ಚುಕಡಿಮೆ ಅಷ್ಟೇ ಇರುತ್ತವೆ.

ಇನ್ನು ಒಳಗೆ ಏನಾಗುತ್ತದೆ ಎಂಬ ಪ್ರಶ್ನೆ. ಎಡಿಎಚ್‌ಡಿ ಇರುವವರು ತಮ್ಮ ಬಗ್ಗೆ ಹೇಳಿಕೊಳ್ಳುವ ಒಂದು ಮಾತಿದೆ: ನಮಗಿರುವುದು ಎರಡೇ ಕಾಲ, ‘ಈಗ’ ಮತ್ತು ‘ಈಗಲ್ಲ’. ಹನ್ನೆರಡನೇ ತಾರೀಖು ‘ಈಗಲ್ಲ’ದ ಗುಂಪಿನಲ್ಲಿರುವಷ್ಟು ಹೊತ್ತು ನಾಳಿದ್ದಿಗೂ ಮುಂದಿನ ವರ್ಷಕ್ಕೂ ಅನುಭವದ ಮಟ್ಟದಲ್ಲಿ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಇದನ್ನು ಕಾಲದ ಕುರುಡು ಎಂಬರ್ಥದಲ್ಲಿ ವಿವರಿಸಿದರು. ಅವರ ಪ್ರಕಾರ ಈ ತೊಂದರೆ ಏನು ಮಾಡಬೇಕೆಂದು ತಿಳಿಯದಿರುವುದರದ್ದಲ್ಲ, ತಿಳಿದದ್ದನ್ನು ತಕ್ಕ ಹೊತ್ತಿನಲ್ಲಿ ಮಾಡಲಾಗದಿರುವುದರದ್ದು. ಪ್ರಯೋಗಾಲಯದಲ್ಲಿ ಒಂದು ದೀಪವನ್ನು ಕೆಲವು ಸೆಕೆಂಡು ಉರಿಸಿ, ಅಷ್ಟೇ ಹೊತ್ತು ನೀವೂ ಉರಿಸಿ ಎಂಬಂಥ ಪರೀಕ್ಷೆಗಳಲ್ಲಿ ಇವರ ಅಳತೆ ಸರಾಸರಿಯಲ್ಲಿ ಇತರರಿಗಿಂತ ಹೆಚ್ಚು ತಪ್ಪುತ್ತದೆ. ಸೆಕೆಂಡುಗಳ ತಪ್ಪಿಗೂ ವಾರಗಳ ತಪ್ಪಿಗೂ ನೇರ ಗಂಟು ಹಾಕುವುದು ಅವಸರವಾದೀತು. ಆದರೂ ಒಳಗಿನ ಗಡಿಯಾರವನ್ನು ನಂಬಿಕೊಂಡು ಕೂರಬಾರದೆಂಬ ಸೂಚನೆಯಂತೂ ಅದರಲ್ಲಿದೆ.

ಇದರ ಜೊತೆಗೆ ಪ್ರತಿಫಲದ ಲೆಕ್ಕವಿದೆ. ದೂರದಲ್ಲಿರುವ ಲಾಭವಾಗಲಿ ನಷ್ಟವಾಗಲಿ ಯಾರ ಮನಸ್ಸಿಗೂ ಹತ್ತಿರದ್ದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಎಡಿಎಚ್‌ಡಿ ಇರುವವರಲ್ಲಿ ಈ ಇಳಿಕೆ ಇನ್ನೂ ಕಡಿದಾಗಿರುತ್ತದೆಂದು ಹಲವು ಅಧ್ಯಯನಗಳು ತೋರಿಸಿವೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಎಡ್ಮಂಡ್ ಸೊನುಗಾ-ಬಾರ್ಕ್ ಇನ್ನೊಂದು ಅಂಶ ಸೇರಿಸಿದರು: ಇವರಿಗೆ ಕಾಯುವಿಕೆಯೇ ಅಸಹನೀಯ, ಅದರಿಂದ ತಪ್ಪಿಸಿಕೊಳ್ಳಲು ಮನಸ್ಸು ಎದುರಿಗೆ ಸಿಕ್ಕಿದ್ದನ್ನು ಹಿಡಿಯುತ್ತದೆ. ಹತ್ತು ದಿನಗಳ ಆಚೆಗಿನ ವರದಿಗಿಂತ ಈಗಷ್ಟೇ ಬಂದ ಇಮೇಲ್‌ಗೆ ಉತ್ತರಿಸುವುದು, ಮೇಜು ಒರೆಸುವುದು, ಯಾರೂ ಕೇಳದ ಪಟ್ಟಿಯೊಂದನ್ನು ಬಣ್ಣಬಣ್ಣವಾಗಿ ತಯಾರಿಸುವುದು ಇದೇ ಕಾರಣಕ್ಕೆ ಮುಂದೆ ಬರುತ್ತವೆ. ನೋಡುವವರ ಕಣ್ಣಿಗೆ ಆ ಮನುಷ್ಯ ದಿನವಿಡೀ ದುಡಿಯುತ್ತಲೇ ಇರುತ್ತಾರೆ, ಮಾಡಬೇಕಾದದ್ದೊಂದನ್ನು ಬಿಟ್ಟು.

ಮೂರನೆಯದು ಅಂದಾಜಿನ ತಪ್ಪು. ಇದರಲ್ಲಿ ಯಾರೂ ಹೊರತಲ್ಲ. 1994ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಗಳು ತಮ್ಮ ಪ್ರೌಢಪ್ರಬಂಧ ಸರಾಸರಿ 33.9 ದಿನಗಳಲ್ಲಿ ಮುಗಿಯುತ್ತದೆ ಎಂದರು, ಎಲ್ಲವೂ ಕೈಕೊಟ್ಟರೆ 48.6 ದಿನ ಹಿಡಿಯಬಹುದೆಂದರು. ನಿಜಕ್ಕೂ ಹಿಡಿದದ್ದು 55.5 ದಿನ. ಅತಿ ನಿರಾಶೆಯ ಅಂದಾಜು ಕೂಡ ವಾಸ್ತವವನ್ನು ಮುಟ್ಟಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದದ್ದು. ಸಾಮಾನ್ಯ ಮನುಷ್ಯನ ಈ ದೋಷದ ಮೇಲೆ ಎಡಿಎಚ್‌ಡಿಯ ಮರೆವು ಹೇರಿದರೆ ಏನಾಗುತ್ತದೆಂದು ಮೇಲಿನ ವರದಿಯ ಕೊನೆಯ 29 ನಿಮಿಷಗಳೇ ಹೇಳುತ್ತವೆ. ಆಕೆಯ ಲೆಕ್ಕದಲ್ಲಿ ‘ವರದಿ ಬರೆಯುವುದು’ ಎಂಬ ಒಂದೇ ಕೆಲಸವಿತ್ತು. ಪಾಸ್‌ವರ್ಡ್, ಒಟಿಪಿ, ಫೈಲಿನ ಗಾತ್ರ ಇವ್ಯಾವುವೂ ಕೆಲಸವೆಂದು ಲೆಕ್ಕಕ್ಕೇ ಬಂದಿರಲಿಲ್ಲ.

ಹಾಗಿದ್ದರೆ ಕೊನೆಯ ರಾತ್ರಿ ಅದೇ ಮನಸ್ಸು ಹೇಗೆ ಅಷ್ಟು ಚುರುಕಾಗುತ್ತದೆ? ಗಡುವು ‘ಈಗ’ ಎಂಬ ಗುಂಪಿಗೆ ಜಾರಿದ್ದರಿಂದ. ಕುತ್ತಿಗೆಗೆ ಬಂದಾಗ ಹುಟ್ಟುವ ಆತಂಕ ಮಿದುಳನ್ನು ಎಚ್ಚರಗೊಳಿಸುತ್ತದೆ. ಹಿಂದಿನ ದಿನಗಳಲ್ಲಿ ಎಷ್ಟು ಬೇಡಿದರೂ ಬಾರದ ಏಕಾಗ್ರತೆ ತಾನಾಗಿ ಬಂದು ಕೂರುತ್ತದೆ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎಂದು ನಾವು ನಗುತ್ತೇವೆ, ಆದರೆ ಕೆಲವರಿಗೆ ಶಸ್ತ್ರ ಕೈಗೆ ಸಿಗುವುದೇ ಯುದ್ಧದ ಸದ್ದು ಕೇಳಿದ ಮೇಲೆ. ಈ ರೂಢಿಯನ್ನೇ ಸಾಮರ್ಥ್ಯವೆಂದು ಹೊಗಳುವ ಮಾತುಗಳು ಇತ್ತೀಚೆಗೆ ಹೆಚ್ಚಾಗಿವೆ: ‘ನಾನು ಒತ್ತಡದಲ್ಲೇ ಚೆನ್ನಾಗಿ ಕೆಲಸ ಮಾಡುವವನು.’ ನನಗೆ ಈ ಮಾತು ಅರ್ಧ ಮಾತ್ರ ಒಪ್ಪಿಗೆ. ಒತ್ತಡದಲ್ಲಿ ಕೆಲಸ ಆಗುತ್ತದೆ ಎಂಬುದು ಸರಿ, ಚೆನ್ನಾಗಿ ಆಗುತ್ತದೆ ಎಂಬುದನ್ನು ಹೋಲಿಸಿ ನೋಡಲು ಆ ಮನುಷ್ಯನ ಬಳಿ ಒತ್ತಡವಿಲ್ಲದೆ ಮಾಡಿದ ಕೆಲಸದ ಮಾದರಿಯೇ ಇರುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಯೆರ್ಕ್ಸ್ ಮತ್ತು ಡಾಡ್ಸನ್ 1908ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಿಂದ ಬೆಳೆದುಬಂದ ತಿಳಿವಳಿಕೆಯೂ ಇದೇ: ಪ್ರಚೋದನೆ ಒಂದು ಹಂತದವರೆಗೆ ಕೆಲಸವನ್ನು ಉತ್ತಮಗೊಳಿಸುತ್ತದೆ, ಅದನ್ನು ದಾಟಿದರೆ ಕೆಡಿಸುತ್ತದೆ, ಮತ್ತು ಕೆಲಸ ಕಠಿಣವಾದಷ್ಟೂ ಆ ಹಂತ ಬೇಗ ಬರುತ್ತದೆ.

ಕೊನೆಯ ರಾತ್ರಿಯ ಬಲ ಸಾಲದ ಹಣದಂತೆ. ಬಡ್ಡಿ ಮೊದಲು ನಿದ್ದೆಯಲ್ಲಿ ಕಟ್ಟಬೇಕು. ನಿದ್ದೆಗೆಟ್ಟ ಮಿದುಳಿಗೆ ಗಮನ ಇನ್ನಷ್ಟು ಕಷ್ಟ, ಹಾಗಾಗಿ ಮುಂದಿನ ಗಡುವಿನ ಮೊದಲ ದಿನಗಳು ಆಗಲೇ ಮುಳುಗಿರುತ್ತವೆ. ಒಂದೇ ದಿನಕ್ಕೆ ಎರಡು ಗಡುವು ಬಿದ್ದರೆ ಇರುವ ಒಂದು ರಾತ್ರಿಯನ್ನು ಎರಡಾಗಿ ಸೀಳಲು ಬರುವುದಿಲ್ಲ. ಇತರರ ಸಹಿ, ಅಂಕಿಅಂಶ, ಒಪ್ಪಿಗೆ ಬೇಕಾದ ಕೆಲಸಗಳಲ್ಲಂತೂ ರಾತ್ರಿ ಎರಡು ಗಂಟೆಯ ಉತ್ಸಾಹಕ್ಕೆ ಉತ್ತರಿಸುವವರು ಯಾರೂ ಇರುವುದಿಲ್ಲ. ಎಲ್ಲಕ್ಕಿಂತ ದುಬಾರಿಯಾದದ್ದು ಗಡುವೇ ಇಲ್ಲದ ಕೆಲಸ. ಹಲ್ಲಿನ ವೈದ್ಯರನ್ನು ಕಾಣುವುದು, ಹೊಸ ಕೌಶಲ ಕಲಿಯುವುದು, ಹಳೆಯ ಸ್ನೇಹಿತನಿಗೆ ಫೋನ್ ಮಾಡುವುದು, ಇವಕ್ಕೆ ಕೊನೆಯ ರಾತ್ರಿ ಎಂಬುದೇ ಬರುವುದಿಲ್ಲವಾದ್ದರಿಂದ ವರ್ಷಗಟ್ಟಲೆ ಹಾಗೇ ಉಳಿಯುತ್ತವೆ.

ಗಡುವು ತಪ್ಪಿದ ನಂತರದ ದಿನಗಳ ಬಗ್ಗೆ ಚರ್ಚೆ ಕಡಿಮೆ, ಹಾನಿ ಹೆಚ್ಚು. ಶುಕ್ರವಾರಕ್ಕೆ ಕೊಡಬೇಕಿದ್ದದ್ದು ಸೋಮವಾರವಾದರೂ ಮುಗಿದಿಲ್ಲ. ಶುಕ್ರವಾರವೇ ‘ಸೋಮವಾರ ಕೊಡುತ್ತೇನೆ’ ಎಂದು ಒಂದು ಸಾಲು ಬರೆದಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಬರೆಯಲಿಲ್ಲ. ಈಗ ಬರೆದರೆ ವಿವರಣೆಯೂ ಬೇಕು, ಜೊತೆಗೆ ಕೆಲಸವೂ ಇದ್ದರೆ ಮುಖವಾದರೂ ಉಳಿಯುತ್ತದೆ ಎನಿಸಿ ಮಂಗಳವಾರಕ್ಕೆ ಹೋಗುತ್ತದೆ. ಅತ್ತ ಕಡೆಯಿಂದ ಬಂದ ಇಮೇಲ್ ತೆರೆಯಲು ಭಯವಾಗಿ, ಅದನ್ನು ಓದದೆ ಬಿಡುವುದಕ್ಕಾಗಿ ಇನ್‌ಬಾಕ್ಸ್ ತೆರೆಯುವುದೇ ನಿಲ್ಲುತ್ತದೆ. ಅದೇ ಇನ್‌ಬಾಕ್ಸಿನಲ್ಲಿ ಬೇರೆ ಇಬ್ಬರ ಗಡುವೂ ಸದ್ದಿಲ್ಲದೆ ಹಳಸುತ್ತಿರುತ್ತದೆ. ಮೂರು ದಿನದ ತಡ ಕ್ಷಮಿಸಬಹುದಾದದ್ದು, ಮೂರು ವಾರದ ಮೌನ ಅಲ್ಲ. ನಾನು ಕಂಡಂತೆ ಇಂಥವರು ಅವಕಾಶಗಳನ್ನು ಕಳೆದುಕೊಂಡದ್ದು ತಡಕ್ಕಿಂತ ಹೆಚ್ಚಾಗಿ ಈ ಮೌನದಿಂದ. ಮೌನದ ಮೂಲ ಅಹಂಕಾರವಲ್ಲ. ಚಿಕ್ಕಂದಿನಿಂದ ‘ಬುದ್ಧಿಯಿದೆ, ಮೈಬಗ್ಗಿಸುವುದಿಲ್ಲ’ ಎಂಬ ಒಂದೇ ತೀರ್ಪನ್ನು ಕೇಳಿಕೊಂಡು ಬಂದವರಿಗೆ ಪ್ರತಿ ತಡವೂ ಆ ತೀರ್ಪಿಗೆ ಸಿಕ್ಕ ಇನ್ನೊಂದು ಸಾಕ್ಷಿಯಾಗಿ ಕಾಣುತ್ತದೆ.

ಇಷ್ಟನ್ನು ಒಪ್ಪಿಕೊಂಡರೆ ಪರಿಹಾರದ ದಿಕ್ಕು ತಾನಾಗಿ ಗೊತ್ತಾಗುತ್ತದೆ. ಕಾಲವನ್ನು ಒಳಗಿನ ಗಡಿಯಾರ ಹೇಳಲಾರದಾದರೆ ಕಾಲ ಹೊರಗೆ, ಕಣ್ಣಿಗೆ ಬೀಳುವಂತಿರಬೇಕು. ದೂರದ ಪರಿಣಾಮಕ್ಕೆ ಬಲವಿಲ್ಲವಾದರೆ ಪರಿಣಾಮವನ್ನು ಹತ್ತಿರ ತರಬೇಕು. ಆದರೆ ಇಲ್ಲಿ ಬಹಳ ಜನ ಒಂದು ತಪ್ಪು ಹೆಜ್ಜೆ ಇಡುತ್ತಾರೆ: ಹನ್ನೆರಡಕ್ಕೆ ಕೊಡಬೇಕಾದದ್ದನ್ನು ಡೈರಿಯಲ್ಲಿ ಒಂಬತ್ತು ಎಂದು ಬರೆದುಕೊಳ್ಳುತ್ತಾರೆ. ಈ ಸುಳ್ಳು ಗಡುವು ಒಂದೆರಡು ಸಲ ನಡೆಯುತ್ತದೆ, ಆಮೇಲೆ ಇಲ್ಲ, ಏಕೆಂದರೆ ಸುಳ್ಳು ಹೇಳಿದವರೂ ಕೇಳಿಸಿಕೊಂಡವರೂ ಒಬ್ಬರೇ. ಅದೇ ಒಂಬತ್ತನೇ ತಾರೀಖಿನ ಸಂಜೆ ಐದಕ್ಕೆ ಅರ್ಧಂಬರ್ಧ ಕರಡನ್ನು ಸಹೋದ್ಯೋಗಿಯೊಬ್ಬರು ಓದಲು ಕಾಯುತ್ತಿದ್ದಾರೆ, ಅದಕ್ಕೆಂದೇ ಅವರು ಅರ್ಧ ಗಂಟೆ ತೆಗೆದಿಟ್ಟಿದ್ದಾರೆ ಎಂದಾದರೆ ಗಡುವಿಗೆ ಮುಖ ಬರುತ್ತದೆ. ಅವರು ಓದಿ ಸಲಹೆ ಕೊಡಬೇಕೆಂದೇನೂ ಇಲ್ಲ, ಕಾಯುತ್ತಿದ್ದರೆ ಸಾಕು. ಒಬ್ಬರು ಪಕ್ಕದಲ್ಲಿ ತಮ್ಮ ಪಾಡಿಗೆ ತಮ್ಮ ಕೆಲಸ ಮಾಡುತ್ತಾ ಕೂತಿದ್ದರೆ ತಾವೂ ಮಾಡಬಲ್ಲೆವು ಎಂದು ಅನೇಕರು ಹೇಳುತ್ತಾರೆ, ವಿಡಿಯೊ ಕರೆಯಲ್ಲಿ ಮಾತಿಲ್ಲದೆ ಜೊತೆ ಕೂರುವ ರೂಢಿಯೂ ಬೆಳೆದಿದೆ. ಇದರ ಬಗ್ಗೆ ಗಟ್ಟಿ ಸಂಶೋಧನೆ ಇನ್ನೂ ಕಡಿಮೆ. ಆದರೆ ಖರ್ಚಿಲ್ಲದ, ಅಪಾಯವಿಲ್ಲದ ಉಪಾಯವಾದ್ದರಿಂದ ಪ್ರಯತ್ನಿಸಿ ನೋಡುವುದರಲ್ಲಿ ನಷ್ಟವಿಲ್ಲ.

ಶುರುಮಾಡುವುದು ಹೇಗೆ ಎಂಬುದು ಬೇರೆಯೇ ಪ್ರಶ್ನೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಲ್ಲಿ ವಿವರಿಸಿದ ಒಂದು ವಿಧಾನ ಇಲ್ಲಿ ಉಪಯುಕ್ತ. ‘ಈ ವಾರ ವರದಿ ಬರೆಯುತ್ತೇನೆ’ ಎಂಬ ಸಂಕಲ್ಪದ ಬದಲು ‘ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ, ಇಮೇಲ್ ನೋಡುವ ಮೊದಲು ವರದಿಯ ಎರಡನೇ ಭಾಗದ ಮೊದಲ ಸಾಲು ಟೈಪಿಸುತ್ತೇನೆ’ ಎಂದು ಸಂದರ್ಭಕ್ಕೂ ಕ್ರಿಯೆಗೂ ಗಂಟು ಹಾಕುವುದು ಅದರ ಸಾರ. ಎಡಿಎಚ್‌ಡಿ ಇರುವ ಮಕ್ಕಳಲ್ಲೂ ಇಂಥ ‘ಹೀಗಾದರೆ ಹೀಗೆ’ ಎಂಬ ನಿರ್ಧಾರಗಳು ಸ್ವನಿಯಂತ್ರಣಕ್ಕೆ ನೆರವಾದದ್ದು ಪ್ರಯೋಗಗಳಲ್ಲಿ ಕಂಡಿದೆ. ಹೆಜ್ಜೆ ನಾಚಿಕೆಯಾಗುವಷ್ಟು ಚಿಕ್ಕದಾಗಿರಬೇಕು, ಮತ್ತು ಅದು ಕೈಯಿಂದ ಮಾಡುವಂಥದ್ದಾಗಿರಬೇಕು, ‘ಯೋಚಿಸುವುದು’ ಹೆಜ್ಜೆಯಲ್ಲ. ಅಲಾರಂ ಇಡುವುದಾದರೆ ಆ ಕೆಲಸವನ್ನು ಮಾಡಲು ಸಾಧ್ಯವಿರುವ ಜಾಗದಲ್ಲಿ, ಸಾಧ್ಯವಿರುವ ಹೊತ್ತಿಗೆ ಇಡಬೇಕು. ಬಸ್ಸಿನಲ್ಲಿ ನಿಂತಿರುವಾಗ ಹೊಡೆದುಕೊಳ್ಳುವ ಅಲಾರಂ, ಅಲಾರಂ ಆರಿಸುವ ಅಭ್ಯಾಸವನ್ನು ಮಾತ್ರ ಕಲಿಸುತ್ತದೆ.

ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕುವುದು ಮತ್ತೊಂದು. ಅದರಲ್ಲೂ ‘ಸಲ್ಲಿಕೆ’ ಎಂಬುದನ್ನು ಪ್ರತ್ಯೇಕ ಕೆಲಸವೆಂದು ಬರೆದುಕೊಂಡು, ಒಂದು ಖಾಲಿ ಫೈಲನ್ನಾದರೂ ಇಟ್ಟುಕೊಂಡು ಮೊದಲ ದಿನವೇ ಜಾಲತಾಣಕ್ಕೆ ಹೋಗಿ ಲಾಗಿನ್ ಆಗುತ್ತದೆಯೇ, ಗಾತ್ರದ ಮಿತಿ ಎಷ್ಟು ಎಂದು ನೋಡಿಟ್ಟರೆ ಕೊನೆಯ ಅರ್ಧ ಗಂಟೆ ಉಳಿಯುತ್ತದೆ. ಹೊಸದರಲ್ಲಿ ಉತ್ಸಾಹ ಹೇಗೂ ಇರುತ್ತದೆ, ಅದನ್ನು ಅಕ್ಷರದ ಗಾತ್ರ ಸರಿಮಾಡಲು ಸುರಿಯುವ ಬದಲು ಇಲ್ಲಿ ಬಳಸಬಹುದು. ಒಂದು ಪುಟ ಬರೆಯಲು, ಒಂದು ಪಟ್ಟಿ ಪರಿಶೀಲಿಸಲು ತಮಗೆ ನಿಜಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆಂದು ಎರಡು ವಾರ ಬರೆದಿಟ್ಟವರು ಆಮೇಲೆ ಮನಸ್ಸಿನ ಅಂದಾಜನ್ನು ಕೇಳುವುದಿಲ್ಲ, ಆ ಚೀಟಿಯನ್ನು ಕೇಳುತ್ತಾರೆ.

ಇವೆಲ್ಲ ಬರಿಯ ಅನುಭವದ ಮಾತಲ್ಲ. ಔಷಧಿ ತೆಗೆದುಕೊಳ್ಳುತ್ತಿದ್ದರೂ ತೊಂದರೆ ಉಳಿದಿದ್ದ 86 ವಯಸ್ಕರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯೋಜನೆ, ಅಣಿಗೊಳಿಸುವಿಕೆ, ಮುಂದೂಡುವಿಕೆಗಳನ್ನು ಗುರಿಯಾಗಿಟ್ಟ ಅರಿವಿನ ವರ್ತನಾ ಚಿಕಿತ್ಸೆ ಅಂದರೆ ಸಿಬಿಟಿ ಪಡೆದವರಲ್ಲಿ, ಲಕ್ಷಣಗಳ ಒಂದು ಅಳತೆಯ ಪ್ರಕಾರ, 67% ಮಂದಿಗೆ ಗಣನೀಯ ಪ್ರಯೋಜನವಾಯಿತು; ವಿಶ್ರಾಂತಿಯ ತರಬೇತಿ ಮತ್ತು ತಿಳಿವಳಿಕೆ ಮಾತ್ರ ಪಡೆದವರಲ್ಲಿ ಅದು 33%. ಅದೇ ವರ್ಷ 88 ವಯಸ್ಕರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲೂ ಹನ್ನೆರಡು ವಾರಗಳ ಗುಂಪು ತರಬೇತಿ ಬರಿಯ ಸಾಂತ್ವನದ ಗುಂಪಿಗಿಂತ ಮೇಲಾಯಿತು. ಔಷಧಿಗಳ ಪಾತ್ರ ಚಿಕ್ಕದೇನಲ್ಲ. 2018ರಲ್ಲಿ ಬಂದ ದೊಡ್ಡ ವಿಶ್ಲೇಷಣೆಯೊಂದು ವಯಸ್ಕರಲ್ಲಿ ಅಲ್ಪಾವಧಿಯ ಮಟ್ಟಿಗೆ ಆಂಫೆಟಮಿನ್ ವರ್ಗದ ಔಷಧಿಗಳನ್ನು ಮೊದಲ ಆಯ್ಕೆಯೆಂದು ಸೂಚಿಸಿತು. ಆದರೆ ಯಾವ ಔಷಧಿ, ಎಷ್ಟು, ಬೇಕೇ ಬೇಡವೇ ಎಂಬುದು ಮನೋವೈದ್ಯರ ಜೊತೆ ಕೂತು ತೀರ್ಮಾನಿಸಬೇಕಾದದ್ದು. ಗುಳಿಗೆ ಗಮನ ಕೊಟ್ಟೀತು, ಆ ಗಮನವನ್ನು ಎತ್ತ ಹೊರಳಿಸಬೇಕೆಂದು ಅದು ಹೇಳುವುದಿಲ್ಲ. ಅಕ್ಷರದ ಗಾತ್ರವನ್ನು ಇನ್ನೂ ಏಕಾಗ್ರತೆಯಿಂದ ಸರಿಮಾಡುತ್ತಾ ಕೂರುವುದೂ ಸಾಧ್ಯ.

ಗಡುವು ಕೊಡುವವರ ಪಾಲೂ ಇದರಲ್ಲಿದೆ. 2020ರ ನಂತರ ಮನೆಯಿಂದ ಕೆಲಸ ಮಾಡುವುದು ವ್ಯಾಪಕವಾದಾಗ ಪಕ್ಕದ ಮೇಜಿನವರ ಇರುವಿಕೆ, ನಿಗದಿತ ಹೊತ್ತು, ಮೇಲಧಿಕಾರಿಯ ಒಂದು ಸುತ್ತು ನಡಿಗೆ, ಇವೆಲ್ಲ ಸದ್ದಿಲ್ಲದೆ ಕಾಣೆಯಾದವು. ಅಲ್ಲಿಯವರೆಗೆ ಹೇಗೋ ನಿಭಾಯಿಸಿಕೊಂಡು ಬಂದಿದ್ದ ಅನೇಕರಿಗೆ ತಮ್ಮನ್ನು ಹೊರಗಿನಿಂದ ಯಾವುದು ಹಿಡಿದಿಟ್ಟಿತ್ತು ಎಂಬುದು ಆಗ ತಿಳಿಯಿತು. ‘ಆತುರವಿಲ್ಲ, ಬಿಡುವಾದಾಗ ಕೊಡಿ’ ಎಂಬ ಸೌಜನ್ಯದ ಮಾತು ಎಡಿಎಚ್‌ಡಿ ಇರುವವರ ಪಾಲಿಗೆ ಬಹುಶಃ ಅತ್ಯಂತ ಕಠೋರವಾದದ್ದು. ಅದರ ಬದಲು ‘ಬುಧವಾರ ಹನ್ನೊಂದಕ್ಕೆ ಹತ್ತು ನಿಮಿಷ ಮಾತಾಡೋಣ, ಮೊದಲ ಪುಟ ಎಷ್ಟಾಗಿದೆಯೋ ಅಷ್ಟು ತನ್ನಿ’ ಎನ್ನುವುದರಲ್ಲಿ ಉಸ್ತುವಾರಿ ಹೆಚ್ಚಿದ್ದರೂ ಉಪಕಾರವೂ ಹೆಚ್ಚು. ಇಷ್ಟೆಲ್ಲ ಮಾಡಿಕೊಡುವುದು ಇತರ ನೌಕರರಿಗೆ ಅನ್ಯಾಯವಲ್ಲವೇ ಎಂಬ ಆಕ್ಷೇಪಕ್ಕೆ ನನಗೆ ತೋಚುವ ಉತ್ತರ, ಬುಧವಾರದ ಹತ್ತು ನಿಮಿಷ ಇಡೀ ತಂಡಕ್ಕೂ ಇರಲಿ ಎಂಬುದು. ಆಗ ಯಾರೂ ತಮಗೆ ಎಡಿಎಚ್‌ಡಿ ಇದೆಯೆಂದು ಹೇಳಿಕೊಂಡು ಅದರ ಬೆಲೆ ತೆರಬೇಕಾಗಿಲ್ಲ. ಆದರೆ ಈ ವಿಚಾರಣೆ ಅನುಮಾನದ ದನಿಯಲ್ಲಿ ನಡೆದರೆ ಮೇಲೆ ಹೇಳಿದ ಮೌನ ಇನ್ನೂ ಗಟ್ಟಿಯಾಗುತ್ತದೆ, ಆದ್ದರಿಂದ ಅಪೂರ್ಣವಾದದ್ದನ್ನು ತೋರಿಸುವುದು ತಪ್ಪಲ್ಲವೆಂಬುದು ಆ ಕೋಣೆಯಲ್ಲಿ ಮೊದಲೇ ಸ್ಪಷ್ಟವಾಗಿರಬೇಕು.

ಇಷ್ಟಾದ ಮೇಲೂ ಕೆಲವು ಗಡುವುಗಳು ತಪ್ಪುತ್ತವೆ. ಅದಕ್ಕಾಗಿ ಒಂದು ಸಂದೇಶವನ್ನು ಮನಸ್ಸು ತಿಳಿಯಾಗಿರುವ ದಿನವೇ ಬರೆದು ಫೋನಿನಲ್ಲಿ ಉಳಿಸಿಟ್ಟುಕೊಳ್ಳುವುದು ಒಳ್ಳೆಯದು. ತಲೆತಗ್ಗಿಸಿದ ಹೊತ್ತಿನಲ್ಲಿ ವಾಕ್ಯ ಹೊಳೆಯುವುದಿಲ್ಲ. ಅದರಲ್ಲಿ ಕಾರಣ ಬೇಡ, ಎರಡು ಸಲ ಕ್ಷಮೆ ಬೇಡ. ‘ಸರ್, ಶುಕ್ರವಾರದ ವರದಿ ಆ ದಿನ ಪೂರ್ತಿಯಾಗುವುದಿಲ್ಲ. ಆಗಿರುವ ನಾಲ್ಕು ಪುಟಗಳನ್ನು ಈಗಲೇ ಕಳಿಸುತ್ತಿದ್ದೇನೆ, ಉಳಿದದ್ದನ್ನು ಮಂಗಳವಾರ ಮಧ್ಯಾಹ್ನ ಮೂರರೊಳಗೆ ಕೊಡುತ್ತೇನೆ.’ ಪುಟಗಳ ಸಂಖ್ಯೆಯನ್ನೂ ವಾರಗಳ ಹೆಸರನ್ನೂ ತುಂಬಿ, ಬುಧವಾರವೇ ಕಳಿಸಬಹುದು.